ಲಸಿಕೆಯ ಆಯುಸ್ಸು

೧

ಠಾಣೆ ಜಿಲ್ಲೆಯ ಅಂಬರನಾಥದಲ್ಲಿರುವ ಶಿವಾಲಯವು ಶಿಲಾಹಾರರ ಕಾಲದ್ದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಅಲ್ಲಿಯ ಶಾಸನದ ತೇದಿಯನ್ನು, ವೈದ್ಯರೂ ವಿದ್ವಾಂಸರೂ ಆಗಿದ್ದ ಭಾವು ದಾಜಿಯವರು ಶಕ ೭೮೨ ಎಂದು ಓದಿದ್ದರು. ಅನಂತರ ಭಗವಾನಲಾಲ ಇಂದ್ರಜಿಯವರು ಆ ಓದನ್ನು ತಿದ್ದಿ ಶಕ ೯೮೨, ಎಂದರೆ ಕ್ರಿ.ಶ. ೧೦೬೦, ಎಂದು ನಿರ್ಣಯಿಸಿದರು. ಒಂದು ಅಂಕೆಯ ಓದಿನಲ್ಲಿ ಇನ್ನೂರು ವರ್ಷಗಳ ವ್ಯತ್ಯಾಸವುಂಟಾದರೂ ಅದರಿಂದ ಯಾರ ಪ್ರಾಣಕ್ಕೂ ಕುಂದು ಬರಲಿಲ್ಲ. ಆದರೆ ಅದೇ ಊರಿನಲ್ಲಿ, ಕೂಸುಗಳಿಗೆ ಲಸಿಕೆ ಹಾಕುವ ದಿನ ದಾದಿಯ ಕೈಯಲ್ಲಿರುವ ಪುಟ್ಟ ಸೀಸೆಯ ಮೇಲೂ ಒಂದು ತೇದಿ ಮುದ್ರಿತವಾಗಿರುತ್ತದೆ. ಆ ತೇದಿಯ ಓದಿನಲ್ಲಿ ಒಂದು ತಿಂಗಳ ಪ್ರಮಾದವಾದರೂ ಅದರ ಫಲವನ್ನು ಅನುಭವಿಸಬೇಕಾದುದು ಮಾತು ಬಾರದ ಮಗು.

ಅವಧಿ ಮೀರಿದ ಲಸಿಕೆಯನ್ನು ಮಕ್ಕಳಿಗೆ ಹಾಕಿದರೆಂಬ ಸುದ್ದಿಯು ಆಗಾಗ್ಗೆ ವೃತ್ತಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದುಂಟು. ಅದನ್ನು ಓದಿದ ತಂದೆತಾಯಿಗಳಿಗೆ ಮೊದಲು ಹೊಳೆಯುವ ಶಬ್ದ 'ವಿಷ'. ವಸ್ತುಸ್ಥಿತಿ ಬಹುಮಟ್ಟಿಗೆ ಹಾಗಿಲ್ಲ. ಸರಿಯಾಗಿ ಕಾಪಾಡಿದ, ಮುಚ್ಚಳ ತೆರೆಯದ ಲಸಿಕೆಯು ತೇದಿ ಕಳೆದ ಮಾತ್ರಕ್ಕೆ ವಿಷವಾಗಿ ಪರಿಣಮಿಸುವುದಿಲ್ಲ. ಅದರ ಶಕ್ತಿ ಕುಂದುತ್ತಾ ಹೋಗುತ್ತದೆ, ಅಷ್ಟೆ. ಆದರೆ ಈ 'ಅಷ್ಟೆ' ಎಂಬ ಮಾತಿನಲ್ಲಿಯೇ ನಿಜವಾದ ಅಪಾಯ ಅಡಗಿದೆ. ಮಗುವಿಗೆ ರಕ್ಷಣೆ ದೊರೆತಿರುವುದಿಲ್ಲ. ರಕ್ಷಣೆ ದೊರೆಯಿತೆಂದು ಚೀಟಿಯಲ್ಲಿ ಬರೆದಾಗಿರುತ್ತದೆ. ಲಸಿಕೆ ಹಾಕಿಸದ ಮಗುವನ್ನು ಇಂದಲ್ಲ ನಾಳೆ ಹುಡುಕಿಯಾರು. ಬರೇ ಕಾಗದದ ಮೇಲೆ ಲಸಿಕೆ ಹಾಕಿಸಿಕೊಂಡ ಮಗುವನ್ನು ಯಾರೂ ಹುಡುಕುವುದಿಲ್ಲ.

ಲಸಿಕೆ ಜೀವಂತವಾಗಿದೆಯೋ ಸತ್ತಿದೆಯೋ ಎಂಬ ಪ್ರಶ್ನೆ ಹೊಸದಲ್ಲ. ಅದು ಈ ದೇಶಕ್ಕೆ ಮುಂಬಯಿಯ ಮೂಲಕ ಲಸಿಕೆ ಬಂದ ದಿನದಿಂದಲೂ ನಮ್ಮೊಡನಿದೆ. ಮೊದಲು ಆ ಪ್ರಶ್ನೆಗೆ ಮಗುವಿನ ತೋಳೇ ಉತ್ತರ ಹೇಳುತ್ತಿತ್ತು; ಈಗ ಕಾಗದ ಹೇಳುತ್ತದೆ. ಸಾಕ್ಷಿ ಹೀಗೆ ತೋಳಿನಿಂದ ಕಾಗದಕ್ಕೆ ಸಾಗಿಬಂದ ಬಗೆಯನ್ನೂ, ಅದರಿಂದ ನಮ್ಮ ಮೇಲೆ ಬಿದ್ದಿರುವ ಹೊಣೆಯನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ಎಡ್ವರ್ಡ್ ಜೆನ್ನರನು ಗೋಸಿಡುಬಿನ ಲಸಿಕೆಯ ವಿಚಾರವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದುದು ೧೭೯೮ರಲ್ಲಿ. ಅದನ್ನು ಹಿಂದುಸ್ಥಾನಕ್ಕೆ ತರಿಸುವ ಯತ್ನಗಳು ಬೇಗನೆ ಆರಂಭವಾದವು. ಆದರೆ ಇಂಗ್ಲೆಂಡಿನಿಂದ ಕಡಲ ಮಾರ್ಗವಾಗಿ ಕಳುಹಿಸಿದುದು ಫಲಿಸಲಿಲ್ಲ. ತಿಂಗಳುಗಟ್ಟಲೆಯ ಪ್ರಯಾಣ, ಉಷ್ಣವಲಯದ ಬಿಸಿಲು. ಹಡಗು ದಡ ಮುಟ್ಟುವಷ್ಟರಲ್ಲಿ ಲಸಿಕೆ ನಿರ್ಜೀವವಾಗಿರುತ್ತಿತ್ತು. ಆಗ ಸೀಸೆಯ ಮೇಲೆ ತೇದಿ ಇರಲಿಲ್ಲ, ಆಯುಸ್ಸಂತೂ ಇದ್ದೇ ಇತ್ತು. ಕೊನೆಗೆ ವಿಯೆನ್ನಾದ ವೈದ್ಯ ಜಾನ್ ದ ಕಾರೋ ಎಂಬವನು ಭೂಮಾರ್ಗವಾಗಿ ಕಳುಹಿಸಿದ ಲಸಿಕೆ ಬಾಗ್ದಾದನ್ನು ತಲುಪಿ, ಅಲ್ಲಿಂದ ಬಸ್ರಾಕ್ಕೂ ಬಸ್ರಾದಿಂದ ಮುಂಬಯಿಗೂ ಬಂದಿತು. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಯ ತೋಳಿನಲ್ಲಿ ಅದು ಫಲಿಸಿತು. ಈ ದೇಶದಲ್ಲಿ ಲಸಿಕೆ ಹತ್ತಿದ ಮೊದಲ ತೋಳು ಆ ಬಾಲಿಕೆಯದು.

ಅವಳ ತೋಳಿನ ಬೊಕ್ಕೆಯಿಂದ ತೆಗೆದ ರಸ ಬೇರೆ ಮಕ್ಕಳ ತೋಳಿಗೆ, ಅವರಿಂದ ಮತ್ತೆ ಬೇರೆಯವರಿಗೆ, ಹೀಗೆ ದೇಶದ ಇತರ ಭಾಗಗಳಿಗೆ ಹಬ್ಬುತ್ತಾ ಹೋಯಿತು. ಇದೇ 'ತೋಳಿನಿಂದ ತೋಳಿಗೆ' ಎಂಬ ಪದ್ಧತಿ. ಇದರಲ್ಲಿ ಲಸಿಕೆಯ ದಾಸ್ತಾನಿಗೆ ಪೆಟ್ಟಿಗೆಯಿಲ್ಲ, ಮಂಜುಗಡ್ಡೆಯಿಲ್ಲ. ಮಕ್ಕಳ ಮೈಯೇ ಉಗ್ರಾಣ. ಎಂಟು ದಿನಗಳೊಳಗೆ ಮುಂದಿನ ಮಗು ದೊರೆಯದಿದ್ದರೆ ಸರಪಣಿ ಕಡಿಯುತ್ತಿತ್ತು. ೧೮೦೩ರಲ್ಲಿ ಸ್ಪೇನಿನಿಂದ ಅಮೆರಿಕಾ ಖಂಡಕ್ಕೆ ಹೊರಟ ಬಾಲ್ಮಿಸ್‌ನ ಯಾತ್ರೆಯಲ್ಲಿ ಇಪ್ಪತ್ತೆರಡು ಮಂದಿ ಅನಾಥ ಬಾಲಕರನ್ನು ಹಡಗಿನಲ್ಲಿ ಕರೆದೊಯ್ದು, ದಾರಿಯುದ್ದಕ್ಕೂ ಒಬ್ಬರಿಂದೊಬ್ಬರಿಗೆ ಲಸಿಕೆಯನ್ನು ದಾಟಿಸಿದರು. ಲಸಿಕೆಯ ಆಯುಸ್ಸನ್ನು ಹೆಚ್ಚಿಸಲು ಅಂದು ಲೋಕಕ್ಕೆ ತಿಳಿದಿದ್ದ ಮುಖ್ಯ ಉಪಾಯಗಳಲ್ಲಿ ಅದೊಂದು.

ಕನ್ನಡ ನಾಡಿಗೂ ಈ ಲಸಿಕೆ ಬೇಗನೆ ಬಂದಿತು. ೧೮೦೫ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿರುವವರು ಮೈಸೂರು ಅರಮನೆಯ ರಾಣಿಯರು. ಒಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಗುರುತನ್ನು ಜನಕ್ಕೆ ಕಾಣಿಸುವುದಕ್ಕಾಗಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಪ್ರತಿಪಾದಿಸಿದ್ದಾರೆ. ಈ ವಾದವನ್ನು ಒಪ್ಪುವುದಾದರೆ ಅದರ ಅರ್ಥ ಸ್ಪಷ್ಟ. ಲಸಿಕೆ ಹಾಕಿಸಿಕೊಂಡೆನೆಂದು ರಾಣಿ ಬಾಯಲ್ಲಿ ಹೇಳುತ್ತಿಲ್ಲ, ಕಾಗದದಲ್ಲಿ ಬರೆಯಿಸುತ್ತಿಲ್ಲ; ತೋಳನ್ನೇ ತೋರಿಸುತ್ತಿದ್ದಾಳೆ. ಅಂದಿನ ಲೋಕದಲ್ಲಿ ನಂಬಿಕೆಗೆ ಅರ್ಹವಾದ ಸಾಕ್ಷಿ ತೋಳೇ ಆಗಿತ್ತು.

೩

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸಾಕ್ಷ್ಯಕ್ಕೆ ಕಾಯಿದೆಯ ಬಲ ಬಂದಿತು. ಮುಂಬಯಿ ನಗರಕ್ಕೆ ೧೮೭೭ರಲ್ಲಿಯೂ, ಪ್ರಾಂತದ ಜಿಲ್ಲೆಗಳಿಗೆ ೧೮೯೨ರಲ್ಲಿಯೂ ಲಸಿಕೆಯ ಕಾಯಿದೆಗಳಾದವು. ಇವುಗಳ ನಡುವೆ ೧೮೮೦ರಲ್ಲಿ ಹಿಂದುಸ್ಥಾನ ಸರಕಾರದ ಕಾಯಿದೆ ಬಂದಿತು. ಠಾಣೆಯಂತೆಯೇ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೂ ಆಗ ಮುಂಬಯಿ ಪ್ರಾಂತದಲ್ಲಿದ್ದುದರಿಂದ, ಇಂದು ಕಲ್ಯಾಣ, ಡೊಂಬಿವಲಿ, ಅಂಬರನಾಥಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರ ಪೂರ್ವಿಕರೂ ಅವರ ನೆರೆಹೊರೆಯ ಮರಾಠಿಗರ ಪೂರ್ವಿಕರೂ ಒಂದೇ ಆಡಳಿತದ ಕೆಳಗೆ ಲಸಿಕೆ ಹಾಕಿಸಿಕೊಂಡವರು. ಸಿಡುಬಿಗೂ ಲಸಿಕೆಗೂ 'ದೇವಿ' ಎಂಬ ಒಂದೇ ಹೆಸರು ಆ ಸೀಮೆಯ ಆಡುಮಾತಿನಲ್ಲಿ ಸಲ್ಲುತ್ತಿತ್ತು. ಹಳೆಯ ಮೈಸೂರಿನ ಕಡೆ 'ದಾಕು ಹಾಕಿಸುವುದು' ಎಂದರು.

ಈ ಕಾಯಿದೆಗಳಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲಸಿಕೆ ಹಾಕಿದ ಕೂಡಲೇ ಸರ್ಟಿಫಿಕೇಟು ದೊರೆಯುತ್ತಿರಲಿಲ್ಲ. ಕೆಲವು ದಿನಗಳಾದ ಮೇಲೆ ತೋಳನ್ನು ಪರೀಕ್ಷಿಸಿ, ಬೊಕ್ಕೆ ಎದ್ದಿದ್ದರೆ ಮಾತ್ರ 'ಫಲಿಸಿದೆ' ಎಂದು ಬರೆದುಕೊಡುತ್ತಿದ್ದರು. ಏಳದಿದ್ದರೆ ಮತ್ತೊಮ್ಮೆ ಹಾಕಬೇಕು. ದೇವಿ ಹಾಕುವವನು ಒಂದೇ ಊರಿಗೆ ಎರಡು ಸಲ ಹೋಗಬೇಕಾಗುತ್ತಿತ್ತು: ಮೊದಲ ಸಲ ಕೆಲಸಕ್ಕೆ, ಎರಡನೆಯ ಸಲ ಕೆಲಸದ ಪರೀಕ್ಷೆಗೆ. ಲಸಿಕೆ ದಾರಿಯಲ್ಲಿ ಸತ್ತಿದ್ದರೆ ಅದು ಎರಡನೆಯ ಭೇಟಿಯಲ್ಲಿ ಬಯಲಾಗುತ್ತಿತ್ತು. ಈ ವ್ಯವಸ್ಥೆಯಲ್ಲಿ ಒತ್ತಾಯವಿತ್ತು, ದಂಡವಿತ್ತು, ಜನರ ಶ್ರದ್ಧೆಯ ಬಗ್ಗೆ ಉದಾಸೀನವಿತ್ತು. ಅವನ್ನು ಮರೆಮಾಚಬೇಕಾಗಿಲ್ಲ. ಆದರೂ ಕೊಟ್ಟುದಕ್ಕೂ ಫಲಿಸಿದುದಕ್ಕೂ ಇರುವ ಭೇದವನ್ನು ಅದು ಮರೆಯಲಿಲ್ಲವೆಂಬುದನ್ನು ಒಪ್ಪಬೇಕು.

ತೋಳಿನಿಂದ ತೋಳಿಗೆ ದಾಟಿಸುವ ಪದ್ಧತಿಯಲ್ಲಿ ಬೇರೆ ರೋಗಗಳೂ ಜತೆಗೆ ದಾಟುವ ಭಯವಿದ್ದುದರಿಂದ, ಕರುಗಳ ಮೈಮೇಲೆ ಲಸಿಕೆಯನ್ನು ಬೆಳೆಸಿ ಗ್ಲಿಸರೀನು ಮುಂತಾದುವುಗಳಲ್ಲಿ ಬೆರೆಸಿಡುವ ಕ್ರಮ ಕಾಲಕ್ರಮದಲ್ಲಿ ರೂಢಿಗೆ ಬಂದಿತು. ಪ್ರಾಂತದ ಜಿಲ್ಲೆಗಳಿಗೆ ಇಂತಹ ಲಸಿಕೆಯನ್ನು ಒದಗಿಸುತ್ತಿದ್ದ ಸಂಸ್ಥೆ ಬೆಳಗಾವಿಯಲ್ಲಿತ್ತು. ಊರಿನ ಟಿಳಕವಾಡಿಯ ಕಡೆಯ ವಿಶಾಲವಾದ ಜಾಗಕ್ಕೆ 'ವ್ಯಾಕ್ಸಿನ್ ಡಿಪೋ' ಎಂಬ ಹೆಸರು ಇಂದಿಗೂ ಉಳಿದಿದೆ. ಅಲ್ಲಿ ಗಾಳಿ ಸೇವಿಸಲು ಬರುವವರಲ್ಲಿ ಎಷ್ಟು ಮಂದಿ ಆ ಹೆಸರಿನ ಹಿಂದಿರುವ ಕಥೆಯನ್ನು ಬಲ್ಲರೋ! ಕನ್ನಡದ ನೆಲದಲ್ಲಿ ತಯಾರಾದ ಈ ಲಸಿಕೆ ಮುಂಬಯಿ ಪ್ರಾಂತದ ಮಕ್ಕಳನ್ನು ಕಾಯ್ದುದು ನಮ್ಮ ಪ್ರಾಂತೀಯ ಇತಿಹಾಸದಲ್ಲಿ ಒಂದು ಅಭಿಮಾನದ ಸಂಗತಿ.

ಆದರೆ ಈ ದ್ರವ ಲಸಿಕೆಗೆ ಬಿಸಿಲೇ ಶತ್ರು. ತಂಪಿನಲ್ಲಿದ್ದಾಗ ತಿಂಗಳುಗಟ್ಟಲೆ ತಾಳುತ್ತಿದ್ದ ವಸ್ತು, ವೈಶಾಖದ ಬಿಸಿಲಿನಲ್ಲಿ ಕೆಲವೇ ದಿನಗಳಲ್ಲಿ ನಿಸ್ಸತ್ವವಾಗುತ್ತಿತ್ತು. ಈ ಶತ್ರುವನ್ನು ಗೆದ್ದುದು ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್ ೧೯೫೦ರ ದಶಕದಲ್ಲಿ ಸಿದ್ಧಪಡಿಸಿದ ಶುಷ್ಕ ಲಸಿಕೆ. ಲಸಿಕೆಯನ್ನು ಹೆಪ್ಪುಗಟ್ಟಿಸಿ ಒಣಗಿಸುವ ಈ ಕ್ರಮದಿಂದ ತಯಾರಾದುದು ೩೭ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ ಒಂದು ತಿಂಗಳಿದ್ದರೂ ಶಕ್ತಿಯನ್ನು ಉಳಿಸಿಕೊಂಡಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಮಾಡಿತು. ಭಾರತದಲ್ಲಿ ಇದನ್ನು ತಯಾರಿಸಿದ ನಾಲ್ಕು ಕೇಂದ್ರಗಳೆಂದರೆ ಪಟ್ವಾಡಾಂಗರ್, ಗಿಂಡಿ, ಹೈದರಾಬಾದ್ ಮತ್ತು ನಮ್ಮ ಬೆಳಗಾವಿ. ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ೧೯೭೫ರಲ್ಲಿ ಗುರಿ ಮುಟ್ಟಿತು. ೧೯೮೦ರಲ್ಲಿ ಲೋಕವೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಣೆಯಾಯಿತು. ರೋಗವನ್ನು ಗೆದ್ದ ಕಾರಣಗಳು ಹಲವು. ಹಳ್ಳಿಯ ಬಿಸಿಲಿನಲ್ಲಿಯೂ ಸಾಯದ ಲಸಿಕೆ, ಮತ್ತು ಫಲಿಸಿತೋ ಇಲ್ಲವೋ ಎಂಬುದನ್ನು ಒಂದು ವಾರದಲ್ಲಿ ತೋರಿಸಿಕೊಡುವ ತೋಳು, ಇವೆರಡೂ ಅವುಗಳಲ್ಲಿ ಸೇರಿವೆ.

೪

ಲೆಕ್ಕದ ಪುಸ್ತಕದ ಮಹತ್ವವನ್ನು ತೋರಿಸುವ ಇನ್ನೊಂದು ಪ್ರಸಂಗ ಮುಂಬಯಿಗೇ ಸಂಬಂಧಿಸಿದ್ದು. ಪ್ಲೇಗಿನ ಲಸಿಕೆಯನ್ನು ಕಂಡುಹಿಡಿದ ವಾಲ್ಡೆಮಾರ್ ಹಾಫ್‌ಕಿನ್ ಅವರ ಪ್ರಯೋಗಶಾಲೆ ಪರೇಲಿನಲ್ಲಿತ್ತು. ೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ, ಅಲ್ಲಿಂದ ಹೋದ ಲಸಿಕೆಯನ್ನು ೧೦೭ ಮಂದಿಗೆ ಹಾಕಿದರು. ಅವರಲ್ಲಿ ಹತ್ತೊಂಬತ್ತು ಮಂದಿ ಧನುರ್ವಾತದಿಂದ ಸತ್ತರು. ಅಪವಾದ ಹಾಫ್‌ಕಿನ್ ಅವರ ಮೇಲೆ ಬಂದು, ಅವರು ಕೆಲಸದಿಂದ ದೂರವಾಗಬೇಕಾಯಿತು.

ಆ ದಿನ ಐದು ಸೀಸೆಗಳನ್ನು ಬಳಸಿದ್ದರು. ಸತ್ತವರೆಲ್ಲರೂ ೫೩ ಎನ್ ಎಂಬ ಸಂಖ್ಯೆಯ ಒಂದೇ ಸೀಸೆಯಿಂದ ಲಸಿಕೆ ಪಡೆದವರು. ಆ ಸೀಸೆಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದುದು, ಅದನ್ನು ಸರಿಯಾಗಿ ಶುದ್ಧಮಾಡದೆ ಮತ್ತೆ ಬಳಸಿದುದು ವಿಚಾರಣೆಯ ದಾಖಲೆಯಲ್ಲಿಯೇ ಇತ್ತು. ಮಲೇರಿಯಾ ಸಂಶೋಧನೆಗೆ ಪ್ರಸಿದ್ಧರಾದ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ೧೯೦೭ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು, ಹಾಫ್‌ಕಿನ್ ನಿರ್ದೋಷಿಯೆಂದು ಸಾರಿದರು. ೧೯೨೫ರಲ್ಲಿ ಪರೇಲಿನ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟರು.

ಯಾವ ಸೀಸೆಯಿಂದ ಯಾರಿಗೆ ಹಾಕಿದರೆಂಬ ಲೆಕ್ಕ ಉಳಿದಿರದಿದ್ದರೆ ದೋಷ ಪ್ರಯೋಗಶಾಲೆಯದೋ ಹಳ್ಳಿಯದೋ ಎಂದು ಬೇರ್ಪಡಿಸುವ ಬಗೆಯೇ ಇರುತ್ತಿರಲಿಲ್ಲ. ಸೀಸೆಯ ಸಂಖ್ಯೆಯನ್ನು ಬರೆದಿಡುವುದು ಗುಮಾಸ್ತಿಕೆಯ ಕ್ಷುದ್ರ ಕೆಲಸವೆಂದು ಭಾವಿಸುವವರು ಮುಲ್ಕೋವಾಲನ್ನು ನೆನೆಯಬೇಕು.

೫

ಇನ್ನು ನಮ್ಮ ಕಾಲಕ್ಕೆ ಬರೋಣ. ೧೯೭೮ರಲ್ಲಿ ಭಾರತದಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವೂ, ೧೯೮೫ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವೂ ಆರಂಭವಾದವು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾತ, ಪೋಲಿಯೋ, ದಡಾರ, ಹೀಗೆ ಅನೇಕ ರೋಗಗಳಿಗೆ ಲಸಿಕೆಗಳು ಬಂದವು. ಇವುಗಳ ಸ್ವಭಾವದಲ್ಲಿ ಸಿಡುಬಿನ ಲಸಿಕೆಗಿಂತ ಒಂದು ದೊಡ್ಡ ಭೇದವಿದೆ. ಕ್ಷಯದ ಬಿ.ಸಿ.ಜಿ.ಯನ್ನು ಬಿಟ್ಟರೆ ಇವು ತೋಳಿನ ಮೇಲೆ ಯಾವ ಗುರುತನ್ನೂ ಉಳಿಸುವುದಿಲ್ಲ. ಪೋಲಿಯೋ ಹನಿ ನಾಲಗೆಯ ಮೇಲೆ ಬಿದ್ದು ಮಾಯವಾಗುತ್ತದೆ. ಅದರಲ್ಲಿ ಸತ್ವವಿತ್ತೋ ಇಲ್ಲವೋ, ತಾಯಿ ಅರಿಯಳು, ದಾದಿ ಅರಿಯಳು, ಮಗುವಂತೂ ಅರಿಯದು. ದೇವಿ ಹಾಕುವವನ ಎರಡನೆಯ ಭೇಟಿಗೆ ಈಗ ಅರ್ಥವೇ ಉಳಿದಿಲ್ಲ; ನೋಡಲು ಏನೂ ಇಲ್ಲ.

ಆದ್ದರಿಂದ ತೋಳಿನ ಸ್ಥಾನದಲ್ಲಿ ಬೇರೆ ಸಾಕ್ಷಿಗಳನ್ನು ನಿಲ್ಲಿಸಬೇಕಾಯಿತು. ಅವು ಮುಖ್ಯವಾಗಿ ಮೂರು. ಮೊದಲನೆಯದು ಸೀಸೆಯ ಮೇಲೆ ಮುದ್ರಿತವಾದ ತೇದಿ. ಆದರೆ ಅದು ನಿರುಪಾಧಿಕವಾದ ವಾಗ್ದಾನವಲ್ಲ. ತಯಾರಾದ ದಿನದಿಂದ ಎರಡರಿಂದ ಎಂಟು ಡಿಗ್ರಿಯಂತಹ ಗೊತ್ತಾದ ತಂಪಿನಲ್ಲಿ ಇಟ್ಟಿದ್ದರೆ ಮಾತ್ರ ಸಲ್ಲುವ ವಾಗ್ದಾನ. ಕೇಂದ್ರ ಸರಕಾರದ ಮುಂಬಯಿ ಡಿಪೋದಂತಹ ಉಗ್ರಾಣಗಳಿಂದ ಜಿಲ್ಲೆಗೆ, ಜಿಲ್ಲೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಅಂಗನವಾಡಿಯ ಜಗಲಿಗೆ ಲಸಿಕೆ ಸಾಗುವಾಗ ಈ ತಂಪಿನ ಸರಪಣಿ ಎಲ್ಲಿಯೂ ಕಡಿಯಬಾರದು. ಕಡಿದರೆ ತೇದಿ ಇನ್ನೂ ದೂರವಿರುವಾಗಲೇ ಲಸಿಕೆ ಮೃತವಾಗಬಲ್ಲುದು. ಅತಿ ತಂಪೂ ಹಾನಿಕರವೇ: ಧನುರ್ವಾತ, ಹೆಪಟೈಟಿಸ್ ಬಿ ಮೊದಲಾದ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಕೆಡುತ್ತವೆ.

ಎರಡನೆಯದು ಶಾಖದ ಗುರುತು. ೧೯೯೬ರಲ್ಲಿ ಮೊದಲು ಪೋಲಿಯೋ ಲಸಿಕೆಯ ಸೀಸೆಗಳಿಗೆ ಒಂದು ಪುಟ್ಟ ವೃತ್ತವನ್ನೂ ಅದರೊಳಗೆ ತಿಳಿಬಣ್ಣದ ಚೌಕವನ್ನೂ ಅಂಟಿಸಲಾರಂಭಿಸಿದರು. ಶಾಖ ತಗುಲಿದಷ್ಟೂ ಚೌಕ ಕಪ್ಪೇರುತ್ತದೆ. ಅದು ವೃತ್ತದ ಬಣ್ಣಕ್ಕೆ ಸಮವಾದೊಡನೆ, ತೇದಿ ಏನೇ ಇರಲಿ, ಆ ಸೀಸೆಯನ್ನು ಬಿಸಾಡಬೇಕು. ಓದುಬರಹ ಬಾರದವರೂ ಓದಬಹುದಾದ ತೇದಿ ಇದು. ಆದರೆ ಇದು ಶಾಖವನ್ನು ಮಾತ್ರ ಬಲ್ಲುದು, ಹೆಪ್ಪುಗಟ್ಟಿದುದನ್ನು ಅರಿಯದು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ದಡಾರ ಮತ್ತು ರುಬೆಲ್ಲಾಗಳ ಲಸಿಕೆ ಪುಡಿಯ ರೂಪದಲ್ಲಿರುತ್ತದೆ. ಕೊಡುವ ಮುನ್ನ ದ್ರವ ಬೆರೆಸಬೇಕು. ಬೆರೆಸಿದ ಮೇಲೆ ಅದರ ಆಯುಸ್ಸು ನಾಲ್ಕೇ ಗಂಟೆ. ಕೊಳೆಯದಂತೆ ತಡೆಯುವ ದ್ರವ್ಯ ಅದರಲ್ಲಿ ಇಲ್ಲವಾದುದರಿಂದ, ಒಳಹೊಕ್ಕ ರೋಗಾಣುಗಳು ಅಲ್ಲಿ ಬೆಳೆಯಬಹುದು. ಈ ನಾಲ್ಕು ಗಂಟೆಯ ಗಡುವು ಯಾವಾಗ ಆರಂಭವಾಯಿತೆಂಬುದನ್ನು ಕಾರ್ಖಾನೆ ಮುದ್ರಿಸಲಾರದು. ಮುಚ್ಚಳ ತೆರೆದ ದಾದಿಯೇ ತೆರೆದ ವೇಳೆಯನ್ನು ಸೀಸೆಯ ಮೇಲೆ ಕೈಯಾರೆ ಬರೆಯಬೇಕು. ಅವಧಿ ಮೀರಿದ ಲಸಿಕೆ ಬಹುಮಟ್ಟಿಗೆ ವಿಷವಲ್ಲವೆಂದು ಮೇಲೆ ಹೇಳಿದೆವಷ್ಟೆ. ಆ ಮಾತಿಗೆ ಅಪವಾದವಿರುವುದು ಇಲ್ಲಿ.

ಈ ಅಪವಾದ ಎಷ್ಟು ಘೋರವಾಗಬಲ್ಲುದೆಂಬುದನ್ನು ೨೦೨೨ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯೇ ಕಂಡಿತು. ರಾಮದುರ್ಗ ತಾಲೂಕಿನ ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸೇರಿದ ಹಳ್ಳಿಗಳಲ್ಲಿ ದಡಾರ–ರುಬೆಲ್ಲಾ ಲಸಿಕೆ ಪಡೆದ ಮಕ್ಕಳು ಅಸ್ವಸ್ಥರಾಗಿ, ಮೂವರು ಕೂಸುಗಳು ಅಸುನೀಗಿದವು. ಲಸಿಕೆಯನ್ನು ಇರಿಸಿದ ಮತ್ತು ಬಳಸಿದ ಕ್ರಮದಲ್ಲಿ ನಿಯಮಗಳನ್ನು ಪಾಲಿಸಿರಲಿಲ್ಲವೆಂದು ಮೊದಲ ವಿಚಾರಣೆಯಲ್ಲಿ ಕಂಡುಬಂದು, ಸಂಬಂಧಪಟ್ಟ ಸಿಬ್ಬಂದಿಯನ್ನು ಅಮಾನತಿನಲ್ಲಿಟ್ಟರು. ಮುಂಬಯಿ ಪ್ರಾಂತಕ್ಕೆ ಜೀವಂತ ಲಸಿಕೆಯನ್ನು ಕಳುಹಿಸಿಕೊಟ್ಟ ಬೆಳಗಾವಿಯ ನೆಲದಲ್ಲಿಯೇ ಇದು ನಡೆದುದು ನಮ್ಮ ಮನಸ್ಸನ್ನು ಹೆಚ್ಚು ನೋಯಿಸುತ್ತದೆ. ಹಳ್ಳಿಯಿಂದ ಹಳ್ಳಿಗೆ ಅಲೆಯುವ, ಒಂದೇ ಕೈಯಲ್ಲಿ ಹತ್ತು ಕೆಲಸ ಮಾಡುವ ಆರೋಗ್ಯ ಸಹಾಯಕಿಯೊಬ್ಬಳ ತಲೆಯ ಮೇಲೆ ಎಲ್ಲ ಹೊಣೆಯನ್ನೂ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ತೆರೆದ ಸೀಸೆ ಸಂಜೆಗೆ ಎಲ್ಲಿ ಹೋಯಿತು, ಉಳಿದುದನ್ನು ಯಾರು ಎಣಿಸಿಕೊಂಡರು ಎಂದು ಕೇಳುವ ಮೇಲಧಿಕಾರಿಯೊಬ್ಬನು ನಿತ್ಯವೂ ಇರಬೇಕಲ್ಲವೆ? ಬ್ಯಾಂಕಿನಲ್ಲಿ ದಿನದ ನಗದನ್ನು ಎಣಿಸಿ, ಇಬ್ಬರ ಸಹಿ ಬಿದ್ದು, ಎರಡು ಬೀಗದ ಕೈಗಳಿಂದ ತಿಜೋರಿ ಮುಚ್ಚದೆ ಯಾರೂ ಮನೆಗೆ ಹೋಗುವುದಿಲ್ಲ. ಅಲ್ಲಿ ಕ್ಯಾಷಿಯರನ ಪ್ರಾಮಾಣಿಕತೆಯನ್ನು ಸಂಶಯಿಸುವುದು ಉದ್ದೇಶವಲ್ಲ. ಅವನನ್ನು ಒಂಟಿಯಾಗಿ ಬಿಡದಿರುವುದು ಉದ್ದೇಶ.

೬

ತೇದಿಯ ವಿಷಯದಲ್ಲಿ ಇನ್ನೊಂದು ಸಂದರ್ಭವನ್ನೂ ವಿಚಾರ ಮಾಡಬೇಕು. ೨೦೨೨ರ ಜನವರಿ ೩ರಂದು ಹದಿನೈದರಿಂದ ಹದಿನೆಂಟು ವರ್ಷದವರಿಗೆ ಕೋವಿಡ್ ಲಸಿಕೆ ಹಾಕುವ ಕಾರ್ಯ ದೇಶಾದ್ಯಂತ ಆರಂಭವಾದಾಗ, ಅವಧಿ ಮೀರಿದ ಲಸಿಕೆಯನ್ನು ಮಕ್ಕಳಿಗೆ ಹಾಕುತ್ತಿದ್ದಾರೆಂಬ ಕೂಗು ಎದ್ದಿತು. ಕೋವ್ಯಾಕ್ಸಿನ್ ಲಸಿಕೆಯ ಅವಧಿಯನ್ನು ಒಂಬತ್ತು ತಿಂಗಳಿಂದ ಹನ್ನೆರಡಕ್ಕೆ ೨೦೨೧ರ ಅಕ್ಟೋಬರ್ ೨೫ರಂದೇ ಔಷಧ ನಿಯಂತ್ರಣ ಸಂಸ್ಥೆ ವಿಸ್ತರಿಸಿತ್ತೆಂದು ಕೇಂದ್ರ ಆರೋಗ್ಯ ಸಚಿವಾಲಯ ಅಂದೇ ಸ್ಪಷ್ಟೀಕರಿಸಿತು. ಕೋವಿಶೀಲ್ಡಿನ ಅವಧಿಯನ್ನೂ ಅದೇ ವರ್ಷದ ಫೆಬ್ರವರಿ ೨೨ರಂದು ಆರರಿಂದ ಒಂಬತ್ತು ತಿಂಗಳಿಗೆ ಹೆಚ್ಚಿಸಿದ್ದರು.

ಇದು ಶಾಸ್ತ್ರಸಮ್ಮತವೇ. ಹೊಸ ಲಸಿಕೆಯೊಂದು ಹೊರಬಂದಾಗ ಅದನ್ನು ಎಷ್ಟು ಕಾಲ ಇಟ್ಟು ಪರೀಕ್ಷಿಸಿರುತ್ತಾರೋ ಅಷ್ಟಕ್ಕೇ ಭರವಸೆ ಕೊಡಬಹುದು. ಪರೀಕ್ಷೆ ಮುಂದುವರಿದಂತೆ ಭರವಸೆಯೂ ಹಿಗ್ಗುತ್ತದೆ. ಆದರೆ ತಂದೆತಾಯಿಗಳ ಸಂಶಯ ಅವಿವೇಕವೆಂದು ತಳ್ಳಿಹಾಕುವಂತಿಲ್ಲ. ಚೆಕ್ಕಿನ ಮೇಲಿನ ತೇದಿಯನ್ನು ಯಾರಾದರೂ ತಿದ್ದಿದ್ದರೆ, ಬರೆದವನ ಪೂರ್ಣ ಸಹಿ ಆ ತಿದ್ದುಪಡಿಯ ಬಳಿಯಲ್ಲಿಯೇ ಇರಬೇಕೆಂಬುದು ಬ್ಯಾಂಕುಗಳ ಹಳೆಯ ನಿಯಮ. ೨೦೧೨ರ ಏಪ್ರಿಲ್ ೧ರಿಂದ ಚೆಕ್ಕಿನ ಅವಧಿಯನ್ನು ಆರು ತಿಂಗಳಿಂದ ಮೂರಕ್ಕೆ ಇಳಿಸಿದಾಗ ಆ ಸಂಗತಿಯನ್ನು ಚೆಕ್ಕಿನ ಮೇಲೆಯೇ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಕಾಗದದ ಮೇಲೆ ನಂಬಿಕೆ ನಿಂತಿರುವೆಡೆಯಲ್ಲಿ ಕಾಗದ ಒಂದನ್ನೂ ಅಧಿಕಾರಿ ಇನ್ನೊಂದನ್ನೂ ಹೇಳಬಾರದು. ಸೀಸೆಯ ಮೇಲಿನ ತೇದಿಗೂ ಅದೇ ನ್ಯಾಯ.

ಚೆಕ್ಕಿಗೂ ಲಸಿಕೆಗೂ ಒಂದು ಭೇದವುಂಟು. ಹಳಸಿದ ಚೆಕ್ಕನ್ನು ಬ್ಯಾಂಕು ಹಿಂದಿರುಗಿಸುತ್ತದೆ. ಹಣ ಖಾತೆಯಲ್ಲಿ ಭದ್ರವಾಗಿರುತ್ತದೆ, ಹೊಸ ಚೆಕ್ಕು ಬರೆಯಿಸಿಕೊಳ್ಳಬಹುದು. ಹಳಸಿದ ಲಸಿಕೆಯನ್ನು ಮಗುವಿನ ಮೈ ಹಿಂದಿರುಗಿಸುವುದಿಲ್ಲ. ಚೀನಾದ ಜಿಯಾಂಗ್ಸು ಪ್ರಾಂತದ ಜಿನ್ಹು ಎಂಬಲ್ಲಿ ೧೪೫ ಮಕ್ಕಳಿಗೆ ಅವಧಿ ಮೀರಿದ ಪೋಲಿಯೋ ಲಸಿಕೆ ಕೊಟ್ಟದ್ದು ೨೦೧೯ರ ಜನವರಿಯಲ್ಲಿ ಬಯಲಾಯಿತು. ಆ ಸಂಖ್ಯೆಯನ್ನು ಅಷ್ಟು ಖಚಿತವಾಗಿ ಹೇಳಲು ಸಾಧ್ಯವಾದುದೇ ಲೆಕ್ಕ ಉಳಿದಿದ್ದುದರಿಂದ. ಇಂತಹ ಡೋಸನ್ನು ಕೊಟ್ಟ ಲೆಕ್ಕಕ್ಕೆ ಹಿಡಿಯದೆ, ಮಗುವಿಗೆ ಯೋಗ್ಯವಾದ ಡೋಸನ್ನು ಮತ್ತೆ ಕೊಡಬೇಕೆಂಬುದು ವೈದ್ಯರ ಸಾಮಾನ್ಯ ನಿಯಮ. ಆದರೆ ಮತ್ತೆ ಕೊಡಬೇಕಾದರೆ ಆ ಮಕ್ಕಳು ಯಾರೆಂದು ತಿಳಿಯಬೇಕು. ತಿಳಿಯಬೇಕಾದರೆ ತಯಾರಿಕೆಯ ತಂಡದ ಸಂಖ್ಯೆ ವಹಿಯಲ್ಲಿರಬೇಕು. ಇರಬೇಕಾದರೆ, ತಪ್ಪನ್ನು ಒಪ್ಪಿಕೊಂಡ ನೌಕರನಿಗೆ ಬದುಕು ಹಾಳಾಗದೆಂಬ ಧೈರ್ಯವಿರಬೇಕು. ಶಿಕ್ಷೆಯ ಭಯ ಒಂದೇ ಇದ್ದಲ್ಲಿ ಮೊದಲು ಸಾಯುವುದು ವಹಿಯ ಸತ್ಯ.

೨೦೧೫ರಿಂದ ಲಸಿಕೆಯ ದಾಸ್ತಾನನ್ನೂ ಶೀತಪೆಟ್ಟಿಗೆಯ ಉಷ್ಣಮಾನವನ್ನೂ ವಿದ್ಯುನ್ಮಾನ ಜಾಲದ ಮೂಲಕ ಗಮನಿಸುವ 'ಇ-ವಿನ್' ವ್ಯವಸ್ಥೆ ದೇಶದಲ್ಲಿ ಹಬ್ಬಿದೆ. ಇದು ಸ್ವಾಗತಾರ್ಹ. ಆದರೂ ಆ ಜಾಲ ಉಗ್ರಾಣದ ಬಾಗಿಲಿನವರೆಗೆ ನೋಡುತ್ತದೆ; ಅಂಗನವಾಡಿಯ ಜಗಲಿಯ ಮೇಲೆ ಕೊನೆಯ ನಾಲ್ಕು ಗಂಟೆಗಳನ್ನು ನೋಡುವ ಕಣ್ಣು ಮನುಷ್ಯರದೇ ಆಗಬೇಕು.

ಆ ಕಣ್ಣುಗಳಲ್ಲಿ ತಾಯಿಯದೂ ಒಂದು. ಕಲ್ಯಾಣದಿಂದ ಅಂಬರನಾಥದವರೆಗಿನ ನಮ್ಮ ಕನ್ನಡ ಕುಟುಂಬಗಳಲ್ಲಿ, ಈಚೆಗೆ ಊರು ಬಿಟ್ಟು ಬಂದು ಮರಾಠಿಯ ಚೀಟಿಯನ್ನು ಓದಲಾರದ ತಾಯಂದಿರು ಎಷ್ಟೋ ಮಂದಿ ಇದ್ದಾರೆ. ಸೀಸೆಯ ತೇದಿ ಯಾವುದು, ಚೌಕದ ಬಣ್ಣ ಹೇಗಿದೆ, ಎಷ್ಟು ಹೊತ್ತಿಗೆ ತೆರೆದಿರಿ ಎಂಬ ಮೂರು ಪ್ರಶ್ನೆಗಳನ್ನು ಮರಾಠಿಯಲ್ಲಿ ವಿನಯದಿಂದ ಕೇಳುವುದನ್ನು ಅವರಿಗೆ ಕಲಿಸಿಕೊಡಲು ಸಂಘಗಳ ಮಹಿಳಾ ಶಾಖೆಗ�ಳಿಗೆ ಒಂದು ಮಧ್ಯಾಹ್ನ ಸಾಕು. ಈ ಪ್ರಶ್ನೆಗಳಿಂದ ಒಳ್ಳೆಯ ದಾದಿಗೆ ಅವಮಾನವಾಗದು. ಅವಳ ಕೆಲಸಕ್ಕೆ ಒಬ್ಬ ಸಾಕ್ಷಿ ದೊರೆತಂತಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಸಂಶಯ ಬಂದಿತೆಂದು ಲಸಿಕೆಯನ್ನೇ ಬಿಟ್ಟುಬಿಡಬಾರದು. ೨೦೨೨ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯಲ್ಲಿಯೂ ಠಾಣೆ ಜಿಲ್ಲೆಯ ಭಿವಂಡಿಯಲ್ಲಿಯೂ ದಡಾರ ಹಬ್ಬಿದಾಗ ಅದಕ್ಕೆ ಹೆಚ್ಚಾಗಿ ತುತ್ತಾದವರು ಲಸಿಕೆ ಹಾಕಿಸದೆ ಉಳಿದಿದ್ದ ಮಕ್ಕಳು. ಸತ್ತ ಲಸಿಕೆಗೆ ಮದ್ದು ಜೀವಂತ ಲಸಿಕೆಯೇ ಹೊರತು ಲಸಿಕೆಯ ತ್ಯಾಗವಲ್ಲ.